ಸಿಲೋನ್ ಅಣ್ಣನ ಪಾಸ್‌ಪೋರ್ಟ್

ಚಮಚದಲ್ಲಿ ಒಂದು ಗುಟುಕು ಟೀ ಎತ್ತಿ, ತುಟಿ ಚೂಪು ಮಾಡಿ, ಅವರು ಸುರ್ರ್ ಎಂದು ಎಳೆದರೆ ಕುವೈತಿನ ಅಹ್ಮದಿಯ ನಮ್ಮ ಆಫೀಸಿನ ಇಡೀ ಮಹಡಿಗೆ ಕೇಳುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರು. ತಲೆಯಾಡಿಸಿದರೆ ನಮಗೆ ಟೀ. ಮುಖ ಕಿವುಚಿದರೆ ಪಾತ್ರೆಯಲ್ಲಿದ್ದದ್ದೆಲ್ಲ ಸಿಂಕಿಗೆ. ಮೀಟಿಂಗಿನಲ್ಲಿ ಯಾರು ಕಾಯುತ್ತಿದ್ದರೂ ಅಷ್ಟೇ.

ಅವರು ನಮ್ಮ ಆಫೀಸಿಗೆ ಟೀ ಮಾಡಿಕೊಡುತ್ತಿದ್ದವರು, ಶ್ರೀಲಂಕಾದ ಬೆಟ್ಟದ ಟೀ ತೋಟದಲ್ಲಿ ಹುಟ್ಟಿದ ತಮಿಳರು. ಅರವತ್ತರ ಹತ್ತಿರವಿದ್ದ ಅವರು ಕಂಪನಿಯ ಕಾಗದಗಳಲ್ಲಿ ಮಾತ್ರ ‘ಟೀ ಬಾಯ್’. ನಾವು ಕನ್ನಡದವರು ಅಣ್ಣ ಎನ್ನುತ್ತಿದ್ದೆವು. ಅವರು ನಮ್ಮಿಂದಲೇ ಕನ್ನಡ ಕಲಿತು ಅದರಲ್ಲೇ ನಮ್ಮನ್ನು ಬೈಯುತ್ತಿದ್ದರು. ನನ್ನನ್ನು ಮಾತ್ರ ‘ತಂಗಚ್ಚಿ’ ಎಂದು ಪ್ರೀತಿಯಿಂದ ಕರೆದು, ಆಮೇಲೆ ಬೈಯುತ್ತಿದ್ದರು.

ಆ ಸುರ್ರ್ ಅನ್ನು ಅವರು ಕಲಿತದ್ದು ತೋಟದ ಕೊನೆಯ ಬಿಳಿ ದೊರೆಯಿಂದ, ಚಿಕ್ಕಂದಿನಲ್ಲಿ ಕಾರ್ಖಾನೆಯ ಕಿಟಕಿಯಲ್ಲಿ ಇಣುಕಿ ನೋಡಿ. “ಒಳ್ಳೆ ಎಲೆ ಎಲ್ಲಾ ಹಡಗು ಹತ್ತಿ ಲಂಡನ್‌ಗೆ ಹೋಗದು ತಂಗಚ್ಚಿ. ನೆಲ ಗುಡಿಸಿದ ಪುಡಿ ನಮಗೆ. ನಮ್ಮ ಬೆಟ್ಟದ ಟೀ ರುಚಿ ನಾನು ನೋಡಿದ್ದು ಕುವೈತಿಗೆ ಬಂದ ಮೇಲೇ!” ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ನಗುವ ವಿಷಯವೇ ಎಂದು ನಾನು ಯೋಚಿಸುವಷ್ಟರಲ್ಲಿ ನನಗೂ ನಗು ಬಂದಿರುತ್ತಿತ್ತು.

ಸಿಬ್ಬಂದಿಯ ಪಾಸ್‌ಪೋರ್ಟು, ಇಕಾಮಾ ಎಂಬ ವಾಸದ ಪರವಾನಗಿ, ಹೀಗೆ ಎಲ್ಲ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ವರ್ಷ ಹೊಸ ಮ್ಯಾನೇಜರ್ ಬಂದು, ಎಲ್ಲರ ಪಾಸ್‌ಪೋರ್ಟೂ ಆಫೀಸಿನ ಕಪಾಟಿನಲ್ಲೇ ಇರಬೇಕು ಎಂದು ಅಪ್ಪಣೆ ಮಾಡಿದರು. ಕಿತ್ತಿಟ್ಟುಕೊಳ್ಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಅದಕ್ಕೇ ‘ನನ್ನ ಸ್ವಂತ ಇಷ್ಟದಿಂದ ಕೊಡುತ್ತಿದ್ದೇನೆ’ ಎಂಬ ಫಾರಂ. ನಾನು ಮೇಜಿನಿಂದ ಮೇಜಿಗೆ ಹೋದೆ. ಎಲ್ಲರೂ ಓದದೆ ಸಹಿ ಹಾಕಿದರು. ಅಣ್ಣ ಕೈಯೊರೆಸಿಕೊಂಡು, “ಏನು ಬರ್ದಿದೆ, ಓದು” ಎಂದರು. ಓದಿದೆ.

“ನಂಗೆ ಇಷ್ಟ ಇಲ್ಲ ತಂಗಚ್ಚಿ. ಸುಳ್ಳಿಗೆ ಹೆಂಗೆ ಸೈನ್ ಹಾಕಲಿ?”

“ಅಣ್ಣಾ, ನಿಮ್ಮ ಇಕಾಮಾ ಈ ತಿಂಗಳೇ ಮುಗಿಯತ್ತೆ. ಸಹಿ ಹಾಕದೇ ಇದ್ರೆ ರಿನ್ಯೂ ಮಾಡಲ್ಲ ಅಂದಿದಾರೆ. ಊರಿಗೆ ಕಳಿಸಿಬಿಡ್ತಾರೆ ನಿಮ್ಮನ್ನ!”

ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಊರಿನಲ್ಲಿ ಅವರ ಕೊನೆಯ ಮಗಳು ಇನ್ನೂ ಓದುತ್ತಿದ್ದಳು. ಈ ಕೆಲಸ ಹೋದರೆ ಆ ವಯಸ್ಸಿಗೆ ಬೇರೆ ಯಾರು ಕೊಡುತ್ತಾರೆ?

ಅವರು ಒಲೆ ಆರಿಸಿ ಸ್ಟೂಲಿನ ಮೇಲೆ ಕುಳಿತರು. ಅವರ ತಾತ ತಮಿಳುನಾಡಿನಿಂದ ತೋಟಕ್ಕೆ ಹೋದಾಗ ತಮ್ಮ ಕಾಗದವನ್ನು ದೊರೆಯ ಆಫೀಸಿಗೆ ಕೊಟ್ಟಿದ್ದರಂತೆ, ಜೋಪಾನವಾಗಿರುತ್ತದೆ ಎಂದು. ಬ್ರಿಟಿಷರು ಹೋದ ಮೇಲೆ ಹೊಸ ಸರ್ಕಾರ, ನೀವು ಇಲ್ಲಿಯವರು ಎನ್ನುವುದಕ್ಕೆ ರುಜುವಾತು ಏನು ಎಂದು ಕೇಳಿತು. ತೋಟದ ಆಫೀಸಿನಲ್ಲಿ ಹುಡುಕಿದರೆ ಕಾಗದ ಇಲ್ಲ. ತಾತ ಯಾವ ದೇಶದವರೂ ಆಗದೆ ಸತ್ತರು, ಅಪ್ಪನೂ ಹಾಗೆಯೇ. ಇವರು ಒಂದು ದೇಶದ ಪ್ರಜೆಯಾದದ್ದು ನಲವತ್ತು ದಾಟಿದ ಮೇಲೆ.

“ನಿಂದು ಎಲ್ಲಿದೆ?” ಎಂದು ಕೇಳಿದರು.

“ಅದೇ ಕಪಾಟಲ್ಲಿ.”

“ಇಷ್ಟಪಟ್ಟು ಕೊಟ್ಟಿದ್ಯಾ?”

ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು ನಾನೇ.

ಕೊನೆಗೆ ಒಂದು ಉಪಾಯ ಹೊಳೆಯಿತು. ಆ ಫಾರಂನ ಕೆಳಗೇ ‘ನನಗೆ ಇಷ್ಟವಿಲ್ಲ, ಆದ್ದರಿಂದ ಕೊಡುತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅಣ್ಣ ಸಂತೋಷದಿಂದ ಸಹಿ ಹಾಕಿದರು. ನಾನು ಆಫೀಸಿನ ಸೀಲು ಒತ್ತಿ ಮ್ಯಾನೇಜರ್ ಮುಂದಿಟ್ಟೆ. ಅವರು ಓದಿದರು, ಇನ್ನೊಮ್ಮೆ ಓದಿದರು. ನಾಳೆ ಲೇಬರ್ ಆಫೀಸಿನವರು ಫೈಲು ತೆಗೆದರೆ ಇಂಥ ಕಾಗದ ಕಣ್ಣಿಗೆ ಬೀಳಬಾರದು ಎಂಬುದು ಅವರಿಗೂ ಹೊಳೆದಿರಬೇಕು. ಸರ‍್ರನೆ ಹರಿದು ಬುಟ್ಟಿಗೆ ಹಾಕಿ, “ಖಲಾಸ್! ಅವನ ಇಕಾಮಾ ರಿನ್ಯೂ ಮಾಡು. ಯಲ್ಲಾ, ಟೀ ಕಳಿಸು!” ಎಂದು ಗದರಿದರು.

ಅವತ್ತು ಅಣ್ಣ ಎರಡು ಪಾತ್ರೆ ಟೀ ಸಿಂಕಿಗೆ ಸುರಿದು, ಮೂರನೆಯದನ್ನು ಮ್ಯಾನೇಜರಿಗೆ ಕೊಟ್ಟರು. ಮರುದಿನ ನಾನೂ ಹಾಗೆಯೇ ಬರೆದು ನನ್ನ ಪಾಸ್‌ಪೋರ್ಟನ್ನು ಫರ್ವಾನಿಯಾದ ಮನೆಗೆ ತಂದೆ. ವಾರದೊಳಗೆ ಕಪಾಟು ಅರ್ಧ ಖಾಲಿಯಾಯಿತು. ಮ್ಯಾನೇಜರ್ ನನ್ನ ಜೊತೆ ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ, ನನಗೆ ಅದೂ ಒಂದು ಸುಖವೇ ಆಗಿತ್ತು.

ಮಗಳ ಓದು ಮುಗಿದ ವರ್ಷ ಅಣ್ಣ ಕೆಲಸ ಬಿಟ್ಟು ಊರಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಬಿಟ್ಟೆ. ಚೆಕ್‌-ಇನ್ ಸಾಲಿನಲ್ಲಿ ನಿಂತಾಗ ಅವರ ರಟ್ಟಿನ ಪೆಟ್ಟಿಗೆಯ ಹಗ್ಗ ಸಡಿಲವಾಯಿತು. ಅವರು ಆಚೀಚೆ ನೋಡಿದರು. ಆಮೇಲೆ ಅಂಗಿಯ ಒಳಜೇಬಿನಿಂದ ಪಾಸ್‌ಪೋರ್ಟ್ ತೆಗೆದು ನನ್ನ ಕಡೆ ಚಾಚಿ, “ಸ್ವಲ್ಪ ಹಿಡ್ಕೋ ತಂಗಚ್ಚಿ” ಎಂದು ನೆಲಕ್ಕೆ ಮಂಡಿಯೂರಿದರು.

ಎರಡೂ ಕೈಯಲ್ಲಿ ಹಿಡಿದು ನಿಂತೆ. ಅಷ್ಟು ದೊಡ್ಡ ಮರ್ಯಾದೆಯನ್ನು ಈ ಕುವೈತಿನಲ್ಲಿ ನನಗೆ ಇನ್ಯಾರೂ ಕೊಟ್ಟಿಲ್ಲ. ಅವರು ಒಮ್ಮೆಯೂ ತಲೆಯೆತ್ತಿ ನೋಡದೆ, ನಿಧಾನವಾಗಿ, ಮೂರು ಗಂಟು ಹಾಕಿದರು.