ಎತ್ತುಗಳನ್ನು ಹೊರಗೆ ಕಳಿಸಿದ ಮೇಲೆ

ನಾನು ರೋಣದ ಸೀಮೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಸೊಳ್ಳೆಯ ವಿಷಯಕ್ಕೆ ಬಂದರೆ ನನ್ನ ಬಾಯಿಗೆ ಊರೇ ಹೆದರುತ್ತಿತ್ತು. ಯಾರ ಮನೆ ಮುಂದಿನ ಗಟಾರದಲ್ಲಿ ನೀರು ನಿಂತಿದ್ದರೂ ಅವರಿಗೆ ಅವತ್ತು ಬೈಗುಳದ ಪೂಜೆ. ಹೊಲಸಿದ್ದಲ್ಲಿ ಸೊಳ್ಳೆ, ಸೊಳ್ಳೆ ಇದ್ದಲ್ಲಿ ಮಲೇರಿಯಾ. ನನಗೆ ಗೊತ್ತಿದ್ದದ್ದು ಅಷ್ಟೇ, ಅದನ್ನೇ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ.

ಕಳೆದ ವರ್ಷ ಮಳೆ ನಿಲ್ಲುವ ಹೊತ್ತಿಗೆ ತಂಗಿಯನ್ನು ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆತಂದೆವು. ನನ್ನನ್ನು ಕೊಟ್ಟದ್ದು ಅದೇ ಊರಿಗೆ, ಎರಡು ಓಣಿ ಆಚೆ. ಹಾಗಾಗಿ ತವರಿನ ಯಜಮಾನಿಕೆಯನ್ನು ನಾನಿನ್ನೂ ಬಿಟ್ಟಿರಲಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅದರ ಪಕ್ಕದಲ್ಲೇ ತುಸು ಎತ್ತರಕ್ಕೆ ಪಡಸಾಲೆ. ಸಗಣಿ ಗಂಜಲದ ಮಗ್ಗುಲಲ್ಲಿ ಬಸುರಿ ಮಲಗುವುದೇ ಎಂದು ನಾನು ಹಟ ಹಿಡಿದೆ.

"ಎತ್ತ ಹೊರಗ ಹಾಕಿದ್ರ ಮನಿ ಬಣಬಣ ಅಂತೈತಿ, ಯವ್ವಾ," ಎಂದ ಅಪ್ಪ.

"ಅನ್ಲಿ ಬಿಡು. ಸೊಳ್ಳಿ ಗುಂಯ್ ಅನ್ನೂದರ ತಪ್ಪತೈತಿ."

ಅಪ್ಪ ಮುಖ ಊದಿಸಿಕೊಂಡೇ ಎರಡೂ ಎತ್ತುಗಳನ್ನು ಹೊಲದ ತಗಡಿನ ಕೊಟ್ಟಿಗೆಗೆ ಹೊಡೆದುಕೊಂಡು ಹೋದ. ನಾನು ನೆಲ ತಿಕ್ಕಿಸಿ, ಗಟಾರದ ರಾಡಿ ಬಳಿಸಿ, ಗೆದ್ದವಳಂತೆ ಓಡಾಡಿದೆ.

ಮೂರು ವಾರಕ್ಕೆ ತಂಗಿಗೆ ಚಳಿಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ ಗಡಗಡ ನಡುಗುತ್ತಿದ್ದಳು. ಬೆರಳು ಚುಚ್ಚಿ ರಕ್ತ ತೆಗೆದವಳು ನಾನೇ. ಮಲೇರಿಯಾ ಅಂತಾಯಿತು. ಹೊಟ್ಟೆಯೊಳಗಿನ ಏಳು ತಿಂಗಳ ಕೂಸಿನ ಗತಿಯೇನು ಎಂದು ಅವತ್ತೇ ಅವಳನ್ನು ದವಾಖಾನೆಗೆ ಕರೆದೊಯ್ದೆ.

ದವಾಖಾನೆಯಲ್ಲಿ ಔಷಧಿ ಶುರುವಾದ ಮೇಲೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಊರಿಗೆ ಬಂದರು. ನಾನು ಗಟಾರ ತೋರಿಸಲು ಹೊರಟರೆ ಅವರು ಹಿತ್ತಲಾಚೆಯ ಹಳ್ಳಕ್ಕೆ ಇಳಿದರು.

"ಗಟಾರದಾಗ ಇರೂದು ಬ್ಯಾರೆ ಸೊಳ್ಳಿ, ಅಕ್ಕಾರ. ಮಲೇರಿಯಾದ್ದು ತಿಳಿನೀರಾಗ ಬೆಳೀತೈತ್ರಿ. ಗಜೇಂದ್ರಗಡದ ಕಡೆ ಕಲ್ಲ ತಗದ ಗುಂಡ್ಯಾಗ, ನರಗುಂದದ ಕಡೆ ಕಾಲುವಿ ಬಸಿನೀರಾಗ, ನಿಮ್ಮಲ್ಲೆ ಈ ಹಳ್ಳದಾಗ."

ಹರಿಯುವುದು ನಿಂತು ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ನೀರು ಬೊಗಸೆಯಲ್ಲಿ ಎತ್ತಿ ಕುಡಿಯುವಷ್ಟು ತಿಳಿಯಾಗಿತ್ತು. ಅವರು ಬಿಳಿ ಸೌಟಿನಲ್ಲಿ ಎತ್ತಿ ತೋರಿಸಿದಾಗ ಕೂದಲೆಳೆಯಂಥ ಸೊಳ್ಳೆಮರಿಗಳು ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು. ವಾಪಸು ಬರುವಾಗ ಖಾಲಿ ಗೂಟ ನೋಡಿ ಎತ್ತೆಲ್ಲಿ ಎಂದು ಕೇಳಿದರು. ಹೇಳಿದೆ. ಅವರು ತಲೆ ಕೆರೆದುಕೊಂಡರು.

"ಈ ಸೊಳ್ಳಿಗೆ ಮಂದಿ ರಕ್ತಕ್ಕಿಂತ ದನದ ರಕ್ತಾನ ಸೇರ್ತೈತಿ ಅಂತಾರ್ರಿ. ದನಾ ಸಿಗಲಿಲ್ಲಂದ್ರ ಮಂದೀನ ಕಡೀತಾವ."

"ಹಂಗಾದ್ರ ನಂದ ತಪ್ಪೇನ್ರಿ, ಸರ್?"

"ಹಂಗೂ ಹೇಳಾಕ ಬರೂದಿಲ್ಲ. ದನಾ ಇದ್ದಲ್ಲೇ ಸೊಳ್ಳಿ ಹೆಚ್ಚ ಬರ್ತಾವ ಅನ್ನಾವ್ರೂ ಅದಾರ."

ನನಗೆ ಸಿಟ್ಟು ಬಂತು. ಇಷ್ಟು ಕಲಿತವರು ಒಂದೇ ಮಾತು ಹೇಳಬಾರದೇ? ನಾನೇ ಓಣಿ ಸುತ್ತಿ ನೋಡಿದೆ. ಮನೆಯೊಳಗೇ ಎಮ್ಮೆ ಕಟ್ಟಿಕೊಂಡವರಿಗೂ ಜ್ವರ ಬಂದಿತ್ತು. ಎದುರುಮನೆಯಲ್ಲಿ ಒಂದು ಆಡೂ ಇಲ್ಲ, ಅಲ್ಲಿ ಯಾರೂ ಸೀನಿರಲಿಲ್ಲ ಕೂಡ. ಎತ್ತು ಹೊರಗೆ ಹಾಕಿದ ನಮ್ಮಲ್ಲಿ ತಂಗಿಗೆ ಜ್ವರ. ನೋಡಿದಷ್ಟೂ ತಲೆ ಕೆಟ್ಟು ಗೊಬ್ಬರವಾಯಿತು.

ತಂಗಿ ಗುಣವಾದಳು. ಹೆಣ್ಣು ಕೂಸು ಹುಟ್ಟಿತು, ತೂಕ ಕಡಿಮೆ. ನೋಡಲು ಬಂದವರಿಗೆಲ್ಲ ತಂಗಿ, "ನಮ್ಮಕ್ಕ ಇದ್ದದ್ದಕ್ಕ ಇಬ್ರೂ ಉಳಿದ್ವಿ," ಎನ್ನುತ್ತಿದ್ದಳು. ಒಂದು ದಿನ ಅದನ್ನು ಕೇಳಲಾಗದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ: ಎತ್ತು ಹೊರಗೆ ಹಾಕಿಸಿದವಳು ನಾನು, ನಿನಗೆ ಜ್ವರ ಬಂದದ್ದು ಅದರಿಂದಲೇ ಇರಬಹುದು.

ಅವಳು ಸಿಟ್ಟಾಗಲಿಲ್ಲ. ಕೂಸಿನ ಸೊಳ್ಳೆಪರದೆಯ ಅಂಚು ಸರಿಮಾಡುತ್ತ ಕೇಳಿದಳು: "ಆಗಿದ್ದು ಆತು ಬಿಡಕ್ಕಾ. ಈಗ ಕೂಸಿಗೆ ಎತ್ತ ಒಳಗಿದ್ರ ಚಲೋನೋ, ಹೊರಗಿದ್ರ ಚಲೋನೋ? ನೀ ಹ್ಯಾಂಗ ಅಂತಿ ಹಂಗ."

"ನನಗ ಗೊತ್ತಿಲ್ಲ, ಯವ್ವಾ," ಎಂದೆ.

ನಾನು ಹಾಗೆನ್ನುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ತಮಾಷೆಯೆಂದುಕೊಂಡು ನಕ್ಕು, ಮತ್ತೆ ಅದನ್ನೇ ಕೇಳಿದಳು.