ಜೇನಕ್ಕ ಮೂರು ಸಲ ಕಳಿಸಿದ ಹಣ

ಊರಿನ ಜೇನನ್ನೆಲ್ಲ ಒಟ್ಟುಮಾಡಿ ಮಾರುವ ಹೆಂಗಸನ್ನು ಎಲ್ಲರೂ ಜೇನಕ್ಕ ಎಂದೇ ಕರೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ಅವನ ಜೇನುಪೆಟ್ಟಿಗೆಗಳನ್ನು ತಾನೇ ನೋಡಿಕೊಂಡಳು. ಕಚ್ಚಿಸಿಕೊಂಡೇ ಕೆಲಸ ಕಲಿತಳು. ಓದು ಕಡಿಮೆ, ಮಾತು ಜಾಸ್ತಿ, ಕೈ ಶುದ್ಧ. ಕೈ ಶುದ್ಧವೆಂಬ ಕಾರಣಕ್ಕೇ ಊರಿನ ಜೇನಿನ ಹಣ ಅವಳ ಬಳಿ ಇರುತ್ತದೆ.

ಹಣ ಎಂದರೆ ನೋಟಲ್ಲ. ಬ್ಯಾಂಕಿರುವ ಪೇಟೆಗೆ ಒಂದು ದಿನದ ದಾರಿ. ಹೊಳೆ ಉಕ್ಕಿದರೆ ಆ ದಾರಿಯೂ ಇಲ್ಲ. ಜೇನು ಕೊಳ್ಳುವವನು ಹೊರದೇಶದವನು. ಅವನು ಕ್ರಿಪ್ಟೊ ನಾಣ್ಯದಲ್ಲಿ ಕೊಡುತ್ತಾನೆ, ಅದು ಜೇನಕ್ಕನ ಫೋನಿಗೆ ಬಂದು ಕೂರುತ್ತದೆ. ಪೇಟೆಯ ಕಿರಾಣಿಯವನೂ ಜಾಡಿ ಮಾರುವ ಸಾಹುಕಾರನೂ ಅದನ್ನೇ ತೆಗೆದುಕೊಳ್ಳುತ್ತಾರೆ. ಚಾರ್ಜು ಮಾಡಲು ಅವಳ ಮಾಡಿನ ಮೇಲೆ ಸೋಲಾರ್ ಹಲಗೆ ಇದೆ. ಸಿಗ್ನಲ್ ಮಾತ್ರ ಊರೊಳಗಿಲ್ಲ. ಏರು ಹತ್ತಿ, ನೀರಿನ ತೊಟ್ಟಿಯ ಪಕ್ಕದ ಬಂಡೆಯ ಮೇಲೆ ನಿಲ್ಲಬೇಕು. ನಿಂತರೂ ಅದು ಮನಸ್ಸು ಬಂದಾಗ ಬರುತ್ತದೆ, ಮುನಿಸಿಕೊಂಡ ಅಳಿಯನ ಹಾಗೆ.

ಈ ಕಣಿವೆಯಲ್ಲಿ ಮನೆಗಳಿರುವುದು ಎದುರುಬದುರಿನ ಇಳಿಜಾರುಗಳಲ್ಲಿ. ಆಚೆಯವರಿಗೆ ಏನಾದರೂ ಹೇಳಬೇಕಾದರೆ ಕೂಗುತ್ತಾರೆ, ಉತ್ತರ ಬರುವ ತನಕ ಕೂಗುತ್ತಾರೆ. ಒಮ್ಮೆ ಕೂಗಿ ಸುಮ್ಮನಾದರೆ ವಿಷಯ ಅಷ್ಟೇನೂ ಮುಖ್ಯವಲ್ಲ ಎಂದು ಅರ್ಥ. ಕೇಳಿಸಿದರೂ ಯಾರೂ ಏಳುವುದಿಲ್ಲ. ಜೇನಕ್ಕ ಬೆಳೆದದ್ದು ಹೀಗೆ.

ಒಂದು ವರ್ಷ ಜೇನು ಕೊಯ್ಲಿಗೆ ಮುಂಚೆ ಜಾಡಿಗಳ ಹಣ ಕಳಿಸಲು ಬಂಡೆ ಹತ್ತಿದಳು. ಜೊತೆಗೆ ನಾದಿನಿ ಇದ್ದಳು. ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಸಣ್ಣ ಚಕ್ರ ತಿರುಗತೊಡಗಿತು.

“ಹೋಯ್ತಾ ಅತ್ತಿಗೆ?”

“ಎಲ್ಲಿ ಹೋಗುತ್ತೆ! ಇದಕ್ಕೆ ಕಿವಿ ಮಂದ,” ಎಂದು ಜೇನಕ್ಕ ಮತ್ತೆ ಮೊದಲಿನಿಂದ ಮೊತ್ತ ಹಾಕಿ ಒತ್ತಿದಳು. ಆಮೇಲೆ ಇನ್ನೊಮ್ಮೆ.

ಸಿಗ್ನಲ್ ಬಂದಾಗ ಮೂರೂ ಒಟ್ಟಿಗೆ ಹೋದವು. ಪೆಟ್ಟಿಗೆಯೊಳಗೆ ಹುಳ ಗೂಡು ಕಟ್ಟಲು ಇಡುವ ಮೇಣದ ಹಾಳೆ, ಕೊಯ್ಲಿನ ಕೂಲಿ, ಎಲ್ಲಕ್ಕೂ ಇದ್ದದ್ದು ಅದೇ ಹಣ. ತಪ್ಪಿ ಹೋದದ್ದನ್ನು ಹಿಂದಕ್ಕೆ ತರಿಸಲು ಇಲ್ಲಿ ಮ್ಯಾನೇಜರೆಂಬವನಿಲ್ಲ. ಪಡೆದವನು ಮನಸ್ಸು ಮಾಡಿ ಕೊಟ್ಟರೆ ಉಂಟು. ಅವನು ಕೊಡದಿದ್ದರೆ ಊರು ತನ್ನ ಕೈಯಿಂದ ಫೋನು ತೆಗೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಾಹುಕಾರನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಹಿಟ್ಟಿನ ಲಾರಿ ಹತ್ತಿ ಪೇಟೆಗೆ ಹೋದಳು.

ಸಾಹುಕಾರ ಅಂಗಡಿಯ ಮುಂದೆ ಕೂತು ಜಾಡಿಗಳಿಗೆ ಹುಲ್ಲು ಸುತ್ತುತ್ತಿದ್ದ.

“ಬಾಮ್ಮ ಜೇನಕ್ಕ! ಈ ವರ್ಷ ಏನು, ಕಾಡನ್ನೇ ಹಿಂಡಿಬಿಟ್ರಾ?”

“ತಮಾಷೆ ಬಿಡಿ ಅಣ್ಣ. ಕೈತಪ್ಪಿ ಮೂರು ಸಲ ಬಂದಿದೆ. ಎರಡು ವಾಪಸ್ ಹಾಕಿ.”

ಅವನ ಕೈ ನಿಂತಿತು. “ಅಯ್ಯೋ, ಮೂರು ಪಟ್ಟು ಜಾಡಿ ಬೇಕೇನೋ ಅಂದ್ಕೊಂಡೆ. ದುಡ್ಡು ಬಂದ ಹಾಗೇ ಗಾಜಿನ ಕಾರ್ಖಾನೆಗೆ ಕಳಿಸಿಬಿಟ್ಟೆ. ಒಂದು ಫೋನ್ ಮಾಡಿ ಹೇಳಬಾರದಿತ್ತಾ?”

“ಮಾಡಿದ್ದೆ. ನೀವು ಯಾವತ್ತು ಎತ್ತಿದ್ದೀರಿ?”

ಸಾಹುಕಾರ ಮೋಸಗಾರನಲ್ಲ, ಅವಸರದವನು. ಹಣ ಕೊಡಲಾರೆ, ಜಾಡಿ ಕೊಡುತ್ತೇನೆ, ಲಾರಿ ಬಾಡಿಗೆ ನನ್ನದು ಎಂದ. ಜೇನಕ್ಕ ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

ಊರಿಗೆ ಮರಳಿದವಳು ಜೇನು ಸೋಸುವ ಕೊಟ್ಟಿಗೆಯಲ್ಲಿ ಎಲ್ಲರನ್ನೂ ಸೇರಿಸಿ, ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಅವಳ ಭಾವ ಗೋಡೆಗೊರಗಿ ಕೂತಿದ್ದ.

“ಬಾಯಿ ಬಡ್ಕೊಂಡು ಬೆಳೆದವಳ ಕೈಗೆ ಗುಂಡಿ ಕೊಟ್ರೆ ಇನ್ನೇನಾಗುತ್ತೆ?”

“ಹಾಗಾದ್ರೆ ನೀವೇ ಇಟ್ಕೊಳ್ಳಿ ಭಾವ,” ಎಂದು ಅವಳು ಫೋನನ್ನು ಮೇಜಿನ ಮೇಲಿಟ್ಟಳು.

ಭಾವ ಅದನ್ನು ನೋಡಿದ, ಮುಟ್ಟಲಿಲ್ಲ.

“ತಗೋ ಅಣ್ಣ,” ಎಂದಳು ನಾದಿನಿ. “ನಿನ್ನೆ ಆಚೆಮನೆಯಿಂದ ಒಂದು ಕೊಡಲಿ ಕೇಳೋಕೆ ನೀನು ಎಷ್ಟು ಕೂಗಿದೆ? ನಮ್ಮ ಹಟ್ಟಿ ದನವೆಲ್ಲ ಎದ್ದು ನಿಂತಿತ್ತು. ನಿನ್ನ ಕೈಲಿದ್ದಿದ್ರೆ ನಮ್ಮ ಚಪ್ಪಲಿಯ ದುಡ್ಡೂ ಹೋಗಿರ್ತಿತ್ತು.”

ಜನ ನಕ್ಕರು. ಭಾವನೂ ನಕ್ಕ, ಆದರೆ ಮಾತು ಬಿಡಲಿಲ್ಲ. ಕೊನೆಗೆ ಸಭೆ ತೀರ್ಮಾನಿಸಿತು: ಹೆಚ್ಚಾಗಿ ಬಂದ ಜಾಡಿಗಳನ್ನು ಮುಂದಿನ ಕೊಯ್ಲಿನೊಳಗೆ ಅವಳೇ ಮಾರಬೇಕು, ಆಗದಿದ್ದರೆ ಫೋನು ಬೇರೆಯವರಿಗೆ. ಅಲ್ಲಿಯವರೆಗೆ ಒಮ್ಮೆ ಗುಂಡಿ ಒತ್ತಿದ ಕೂಡಲೇ ಫೋನನ್ನು ನಾದಿನಿಯ ಕೈಗೆ ಕೊಡಬೇಕು. ಇದು ನ್ಯಾಯವಾದ ತೀರ್ಮಾನ. ಜೇನಕ್ಕನೂ ಹಾಗೆಯೇ ಹೇಳಿದಳು.

ಆ ವರ್ಷವೆಲ್ಲ ಅವಳು ಬೆನ್ನ ಮೇಲೆ ಬುಟ್ಟಿ ಹೊತ್ತು ಮೇಲಿನ ಊರುಗಳನ್ನು ಸುತ್ತಿದಳು. ಎಣ್ಣೆ ತೆಗೆಯುವವರು, ಹಣ್ಣು ಒಣಗಿಸುವವರು ಅಲ್ಲಿಯವರೆಗೆ ತುಕ್ಕು ಹಿಡಿದ ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು. ಗಾಜು ಅವರಿಗೆ ಹಿಡಿಸಿತು. ಕೆಲವರು ನಾಣ್ಯದಲ್ಲಿ ಕೊಟ್ಟರು, ಕೆಲವರು ಉಣ್ಣೆಯಲ್ಲಿ. ಉಣ್ಣೆಯನ್ನು ಪೇಟೆಯಲ್ಲಿ ಮಾರಿ ಅದನ್ನೂ ಫೋನಿಗೆ ಹಾಕಿಸಿದಳು. ದಾರಿಯಲ್ಲಿ ಒಡೆದವುಗಳ ಬೆಲೆಯನ್ನು ತನ್ನ ಪಾಲಿನಿಂದ ತುಂಬಿದಳು. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಮತ್ತೆ ಕೊಯ್ಲು ಬಂತು. ಕೊಟ್ಟಿಗೆಯಲ್ಲಿ ಉಳಿದಿದ್ದದ್ದು ಆ ವರ್ಷದ ಜೇನಿಗೆ ಬೇಕಾದಷ್ಟು ಜಾಡಿ ಮಾತ್ರ. ಸಭೆಯಲ್ಲಿ ಭಾವ ಅವುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, “ಸರಿ, ಮೇಣದ ಹಾಳೆಗೆ ಈ ಸಲ ಏನು ರೇಟಂತೆ? ವಿಚಾರಿಸಮ್ಮ,” ಎಂದ. ಜೇನಕ್ಕ ಫೋನು ತೆಗೆದುಕೊಂಡು ಏರು ಹತ್ತಿದಳು. ನಾದಿನಿ ಹಿಂದೆಯೇ ಹೋದಳು.