ಹೆಪ್ಪು ಕೊಡದವಳು

ಚನ್ನಗಿರಿಯ ನಮ್ಮ ಓಣಿಯಲ್ಲಿ ಹೆಪ್ಪು ಕೇಳಿದವರಿಗೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಒಂದು ಚಮಚ ಮೊಸರು ಕೊಟ್ಟರೆ ಗಡಿಗೆಯೇನೂ ಬರಿದಾಗದು. ನಮ್ಮ ಮೊಸರು ಕೆಟ್ಟ ದಿನ ನಮ್ಮಿಂದ ಹೆಪ್ಪು ಒಯ್ದವರ ಮನೆಗೇ ಬಟ್ಟಲು ಹಿಡಿದು ಹೋಗುತ್ತಿದ್ದೆವು. ಇಷ್ಟು ಗೊತ್ತಿದ್ದ ನಾನು ಕಂಪ್ಯೂಟರಿನ ಮುಂದೆ ಕೂತ ಮೇಲೆ ಎಲ್ಲ ಮರೆತೆ.

ಎಂಬತ್ತರ ದಶಕದ ಕೊನೆ. ನಾನು ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ಟೈಪಿಸ್ಟ್. ಸಂಘಕ್ಕೆ ಕಂಪ್ಯೂಟರ್ ಬಂತು, ಜೊತೆಗೆ ಮಾರಿದವರದೇ ಪ್ರೋಗ್ರಾಮೂ ಬಂತು. ಅದು ಸದಸ್ಯರ ಪಟ್ಟಿ ಅಚ್ಚು ಹಾಕುತ್ತಿತ್ತು, ಆದರೆ ಊರಿನ ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರದ ಜಾಗ. ಕತ್ತಲಗೆರೆ ಬಾಲ ಕಳೆದುಕೊಂಡು ‘ಕತ್ತಲಗ್’ ಎಂದು ನಿಲ್ಲುತ್ತಿತ್ತು. ಸರಿ ಮಾಡಿಕೊಡಿ ಅಂದರೆ ಕಂಪನಿಯವನು, “ಅದನ್ನ ನೀವು ಮುಟ್ಟೋ ಹಂಗಿಲ್ಲ ಮೇಡಂ” ಅಂದ. ನನಗೆ ಮೈಯೆಲ್ಲ ಉರಿಯಿತು. ನಮ್ಮೂರಿನ ಹೆಸರು ಬರೆಯಲು ಇವನ ಅಪ್ಪಣೆಯೇ?

ಪುಸ್ತಕ ತೆರೆದು, ತಪ್ಪು ಮಾಡುತ್ತ ಮಾಡುತ್ತ, ನನ್ನದೇ ಪ್ರೋಗ್ರಾಮ್ ಬರೆದೆ. ಹೊನ್ನಾಳಿಯ ಸಂಘದ ಟೈಪಿಸ್ಟ್ ಹುಡುಗಿ ನೋಡಲು ಬಂದಳು. ಹೆಮ್ಮೆಯಿಂದ ಒಂದೊಂದೇ ಸಾಲು ಪರದೆಯ ಮೇಲೆ ತೋರಿಸಿದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಅಕ್ಕಾ, ಇದನ್ನ ನಮ್ಮ ಮಿಷಿನ್ನಿಗೂ ಹಾಕ್ಕೊಳ್ಲಾ?”

“ಬ್ಯಾಡ. ಕಷ್ಟಪಟ್ಟು ಮಾಡಿದ್ದೀನಿ” ಅಂದೆ. ಅವಳು ಹೋದದ್ದೇ ತಡ, ಪ್ರೋಗ್ರಾಮ್ ಉಳಿಸುವ ಆಜ್ಞೆಯ ಕೊನೆಗೆ ಒಂದು ಕಾಮಾ, ಒಂದು ‘ಪಿ’ ಸೇರಿಸಿದೆ. ಹಾಗೆ ಉಳಿಸಿದ ಪ್ರೋಗ್ರಾಮ್ ಓಡುತ್ತದೆ, ಒಳಗಿನ ಸಾಲುಗಳನ್ನು ಯಾರಿಗೂ ತೋರಿಸುವುದಿಲ್ಲ. ಬರೆದವಳಿಗೂ ತೋರಿಸುವುದಿಲ್ಲ ಎಂಬುದು ನನ್ನ ಜಾಣತಲೆಗೆ ಹೊಳೆಯಲಿಲ್ಲ. ಬೇರೆ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ.

ಸಂಘದ ಚುನಾವಣೆ ಬಂತು. ಮತದಾರರ ಪಟ್ಟಿ ನೋಡಲು ಸೂಳೆಕೆರೆ ಕಡೆಯಿಂದ ಒಬ್ಬ ಅಜ್ಜಿ ಬಂದಳು. ಅವಳ ಹೆಸರಿನವಳೇ ಇನ್ನೊಬ್ಬಳು ಅದೇ ಊರಿನಲ್ಲಿದ್ದಳು. ಒಬ್ಬಳು ಮೇಲಿನಮನೆಯವಳು, ಈಕೆ ಕೆಳಗಿನಮನೆಯವಳು; ಊರಿಗೆಲ್ಲ ಗೊತ್ತು. ನನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಒಂದೇ ಹೆಸರು ಎರಡು ಸಲ ಬಂದಿದೆಯೆಂದು ಅದು ಈಕೆಯನ್ನು ಅಳಿಸಿ ಹಾಕಿತ್ತು.

“ನಾನು ಇಲ್ಲೇ ನಿಂತೀನಲ್ಲವ್ವಾ, ನಿನ್ನ ಮಿಷಿನ್ನಿಗೆ ಹೆಂಗೆ ಇಲ್ಲದಾದೆ?”

ಪೆನ್ನಿನಲ್ಲಿ ಸೇರಿಸಿದರೆ ಎದುರು ಪಾರ್ಟಿಯವರು ತಕರಾರು ತೆಗೆಯುತ್ತಾರೆಂದು ಕಾರ್ಯದರ್ಶಿಗಳು ಒಪ್ಪಲಿಲ್ಲ. ಪಟ್ಟಿ ಅಂಟಿಸಲು ಎರಡೇ ದಿನ. ಹೆಸರು ಅಳಿಸುವ ಆ ಸಾಲು ತಿದ್ದಲು ಹೋದೆ. ನನ್ನ ಬೀಗ ನನಗೇ ತೆರೆಯಲಿಲ್ಲ. ತಾನು ತೋಡಿದ ಗುಂಡಿ ಅನ್ನುತ್ತಾರಲ್ಲ, ಅದೇ. ಕಂಪನಿಯವನನ್ನು ಬೈದ ಬಾಯಿಯಲ್ಲಿ ಈಗ ಯಾರನ್ನು ಬೈಯಲಿ? ಅಜ್ಜಿಯ ಮುಖ ನೋಡಲಾರದಷ್ಟು ನಾಚಿಕೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಹೊನ್ನಾಳಿ ಬಸ್ಸು ಹತ್ತಿದೆ. ಹುಡುಗಿ ಬೀರುವಿನಿಂದ ನೋಟ್‌ಬುಕ್ಕು ತೆಗೆದಳು. ಎಲ್ಲ ಸಾಲೂ ಇದ್ದವು, ಗುಂಡಗಿನ ಅಕ್ಷರದಲ್ಲಿ.

“ನೀವು ಮಿಷಿನ್ನಿಗೆ ಹಾಕಿಲ್ವಾ?” ಎಂದು ಕೇಳಿದೆ. ಬಾಯಿಗೆ ಬಹುವಚನ ತಾನಾಗಿ ಬಂದಿತ್ತು.

“ನೀವೇ ಬ್ಯಾಡ ಅಂದಿದ್ರಲ್ಲಕ್ಕಾ.”

ಅಲ್ಲೇ ಕೂತು ಇಬ್ಬರೂ ಟೈಪ್ ಮಾಡಿದೆವು. ಅವಳು ಓದಿದಳು, ನಾನು ಒತ್ತಿದೆ. ಒಂದೇ ಹೆಸರಿನ ಇಬ್ಬರೂ ಪಟ್ಟಿಯಲ್ಲಿ ಉಳಿಯುವಂತೆ ಮನೆತನದ ಹೆಸರಿಗೆ ಜಾಗ ಮಾಡಿದ್ದು ಅವಳ ಉಪಾಯ. ಕೊನೆಗೆ ಉಳಿಸುವಾಗ ನನ್ನ ಬೆರಳು ಅಭ್ಯಾಸಬಲದಿಂದ ಕಾಮಾದ ಮೇಲೆ ಹೋಯಿತು. ಅವಳು ನೋಡುತ್ತಿದ್ದಳು. ಬೆರಳು ತೆಗೆದು, ಫ್ಲಾಪಿಯ ಮೇಲೊಂದು, ಅವಳ ಮಿಷಿನ್ನಿನಲ್ಲೊಂದು ಪ್ರತಿ ಉಳಿಸಿದೆ.